ಟಾಕಿಯ ತಳ

ಹೊಳೆಯ ದಂಡೆಯ ಮೇಲೊಂದು ಮಠ. ಮಠದಲ್ಲಿದ್ದವರು ಇಬ್ಬರು: ಗುರು ಮೌನಪ್ಪಜ್ಜನವರು, ಶಿಷ್ಯ ಅಡಿವೆಪ್ಪ. ಇವರಿಬ್ಬರ ಜೊತೆಗೆ ಒಂದು ಹಳೇ ಲಾರಿ.

ಲಾರಿಗೆ ಮೂವತ್ತೊಂದು ವರ್ಷ. ಅಡಿವೆಪ್ಪ ಅದಕ್ಕಿಂತ ನಾಲ್ಕು ವರ್ಷ ದೊಡ್ಡವನು.

ವರ್ಷವಿಡೀ ಅದು ಮಠದ ದಾಸೋಹಕ್ಕೆ ಜೋಳ, ಕಟ್ಟಿಗೆ ಹೊರುತ್ತಿತ್ತು. ಶ್ರಾವಣ ಬಂತೆಂದರೆ ಅದಕ್ಕೆ ಬೇರೆ ಕೆಲಸ. ಮಠದ ಎದುರಿಗೆ, ಹೊಳೆಯ ನಡುವೆ, ಒಂದು ಗಡ್ಡಿ ಇದೆ. ಅಲ್ಲಿ ಹದಿನೇಳು ಮನೆ. ಮೇಲಿನ ಆಣೆಕಟ್ಟಿನ ಗೇಟು ಎತ್ತಿದರೆ ಗಡ್ಡಿಯ ಸುತ್ತ ನೀರು ಏರುತ್ತದೆ. ದಂಡೆಗೆ ಬರಲು ಇರುವುದು ಒಂದೇ ಒಂದು ತಗ್ಗು ಸೇತುವೆ. ಅದರ ಮೇಲೆ ನೀರು ಹತ್ತಿದರೆ ಜೀಪು ನಿಲ್ಲುತ್ತದೆ, ಟ್ರ್ಯಾಕ್ಟರಿನ ಟ್ರಾಲಿ ವಾಲುತ್ತದೆ. ಎತ್ತರದ, ಭಾರದ ಲಾರಿ ಮಾತ್ರ ದಾಟುತ್ತದೆ.

ಹಾಗಾಗಿ ಗಡ್ಡಿಯ ಜನ ಮಠಕ್ಕೆ ಬಂದರೆ ಮೊದಲು ಗದ್ದುಗೆಗೆ ಕೈ ಮುಗಿಯುತ್ತಿದ್ದರು, ಆಮೇಲೆ ಲಾರಿಗೆ.

ಕಾವಿ ತೊಡುವ ಮೊದಲು ಅಜ್ಜನವರು ಇಪ್ಪತ್ತೆರಡು ವರ್ಷ ಲಾರಿ ಮಿಸ್ತ್ರಿಯಾಗಿದ್ದವರು. ಉಗುರಿನ ಸಂದಿಯ ಎಣ್ಣೆ ಇನ್ನೂ ಹೋಗಿಲ್ಲ ಎಂದು ಅವರೇ ನಗುತ್ತಿದ್ದರು. ಈಗ ಕಣ್ಣಿಗೆ ಪೊರೆ ಬಂದಿತ್ತು. ಲಾರಿ ಓಡಿಸುವುದು, ತೊಳೆಯುವುದು, ಬಿಚ್ಚುವುದು ಎಲ್ಲ ಅಡಿವೆಪ್ಪನ ಪಾಲಿಗೆ ಬಂದಿತ್ತು.

ಲಾರಿಗೆ ಒಂದು ರೋಗವಿತ್ತು. ಹೊಗೆ. ಚಾಲೂ ಮಾಡಿದರೆ ಸಾಕು, ಕಪ್ಪು ಹೊಗೆ ಮಠದ ಅಂಗಳ ತುಂಬುತ್ತಿತ್ತು.

ಗಡ್ಡಿಯಿಂದ ದಿನಾ ಮಜ್ಜಿಗೆ ತರುತ್ತಿದ್ದ ಕಾಶವ್ವ ಮೂಗಿಗೆ ಸೆರಗು ಹಿಡಿದೇ ಒಳಗೆ ಬರುತ್ತಿದ್ದಳು. ಎಪ್ಪತ್ತರ ಮುದುಕಿ. ಬಾಯಿ ಮಾತ್ರ ಇಪ್ಪತ್ತರದು.

"ನಿನ್ನ ಲಾರಿ ಹೊಗಿ ನನ್ನ ಮಜ್ಜಿಗಿ ತನಕ ಬರ್ತೈತಿ ನೋಡೋ ಅಡಿವೆಪ್ಪಾ. ಬಿಳೀದು ತಂದ್ರ ಕರೀದು ಆಕ್ಕೈತಿ."

"ಕರೀದು ಆದ್ರೂ ರುಚಿ ಅದ ಐತಿ ಬಿಡ ಆಯಿ."

"ನಿನಗೇನು, ಕುಡದು ಬಾಯಿ ಒರಸಿಕೊಳ್ಳಾಂವ." ಗಡಿಗೆ ಇಳಿಸಿ ಅವಳು ಮೆಟ್ಟಿಲ ಮೇಲೆ ಕೂತಳು. ಆಮೇಲೆ ದನಿ ತಗ್ಗಿತು. "ಹ್ವಾದ ವರ್ಷ ನಿಮ್ಮ ಮುತ್ಯಾ ಮೂರು ದಿನ ಕೆಮ್ಮಿದಾ. ಹೊಳಿ ನುಂಗ್ಲಿಲ್ಲ. ನಿನ್ನ ಲಾರಿ ಹೊಗಿ ನುಂಗೇ ಬಿಡ್ತಿತ್ತು."

ಮುತ್ಯಾ ಎಂದರೆ ಅವಳ ಗಂಡ, ಅವನಿಗೆ ಲಕ್ವ ಹೊಡೆದು ಆರು ವರ್ಷ. ನೀರು ಬಂದಾಗ ಮಲಗಿದ ಹೊರಸಿನ ಸಮೇತ ಅವನನ್ನು ಲಾರಿಗೆ ಎತ್ತಬೇಕಿತ್ತು. ಸೇತುವೆ ದಾಟುವಷ್ಟು ಹೊತ್ತೂ ಆ ಹೊಗೆ ಹಿಂದಕ್ಕೆ ಬೀಸಿ ಅವನ ಎದೆಗೆ ಇಳಿಯುತ್ತಿತ್ತು.

ಅಡಿವೆಪ್ಪನಿಗೆ ತಾಯಿ ಇರಲಿಲ್ಲ. ಕಾಶವ್ವ ಬಂದರೆ ಅವನ ಮುಖ ಅರಳುತ್ತಿತ್ತು.

"ಈ ವರ್ಷ ಮುತ್ಯಾಗ ಹೊಗಿ ಹತ್ತಾಂಗಿಲ್ಲ ಆಯಿ. ಮಾತು ಕೊಡ್ತೀನಿ."

"ನಿನ್ನ ಮಾತು ಬ್ಯಾಡ. ಹೊಗಿ ಬಿಡಬ್ಯಾಡ, ಸಾಕು."

ಹೊಗೆಗೆ ಅಜ್ಜನವರು ಔಷಧ ಮಾಡುತ್ತಿರಲಿಲ್ಲ ಎಂದಲ್ಲ. ಪೇಟೆಯಿಂದ ಬಾಟಲಿ ತರಿಸಿದ್ದರು, ಡೀಸೆಲ್ಲಿಗೆ ಬೆರೆಸುವಂಥದ್ದು. ಅದು ಡೀಸೆಲ್ ತುಂಬುವ ಟಾಕಿಯ ಗೋಡೆಗೆ, ಪೈಪಿಗೆ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲಿಗೆ ಹತ್ತಿದ ಕೊಳೆಯನ್ನು ಬಿಡಿಸುತ್ತದೆ. ಆದರೆ ಅವರು ಹಾಕುತ್ತಿದ್ದದ್ದು ಹುಣ್ಣಿಮೆಗೆ ಒಂದು ಮುಚ್ಚಳ.

ಹಾಕಿದ ಮೇಲೆ ಒಂದು ವಾರ ಲಾರಿ ಓಡಬೇಕು. ಆಮೇಲೆ ಒಂದು ಇಡೀ ದಿನ ಅಲುಗಾಡದೆ ನಿಲ್ಲಬೇಕು. ಮರುದಿನ ಟಾಕಿಯ ತಳದ ಬೋಲ್ಟು ಸಡಿಲಿಸಿ, ಕೆಳಗೆ ಬಕೆಟ್ ಇಟ್ಟು, ಬಕೆಟ್ಟಿನ ಬಾಯಿಗೆ ಒಂದು ಬಿಳೀ ಅರಿವೆ ಹಿಡಿಯಬೇಕು. ಅದು ಅಜ್ಜನವರ ಹಳೇ ಧೋತರದ ತುಂಡು. ಡೀಸೆಲ್ ಸೋಸಿ ಹೋದ ಮೇಲೆ ಅರಿವೆಯಲ್ಲಿ ಉಳಿದದ್ದನ್ನು ಅವರು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಆಮೇಲೆ ಎಂಜಿನ್ನಿಗೆ ಹೋಗುವ ಡೀಸೆಲ್ ಸೋಸುವ ಫಿಲ್ಟರು ಬದಲು. ಅರಿವೆ ಒಗೆಯುವ ಕೆಲಸ ಅಡಿವೆಪ್ಪನದು, ಅವನಿಗೆ ಅದು ಬೇಸರ ತಂದಿತ್ತು.

ಅವತ್ತೂ ಹಾಗೇ ಅರಿವೆ ಹಿಡಿದಿದ್ದರು.

"ಏನು ಬಂದೈತಿ?" ಎಂದರು ಅಜ್ಜನವರು.

"ಕರೀ ಗಸಿ ಬಂದೈತ್ರಿ. ತುಕ್ಕಿನ ಹರಳು ಬಂದಾವ."

"ಹ್ವಾದ ತಿಂಗಳಕಿಂತ ಹೆಚ್ಚೋ, ಕಡಿಮಿಯೋ?"

"ಹೆಚ್ರೀ."

"ಛಲೋ ಆತು."

ಇದರಲ್ಲಿ ಛಲೋ ಏನು ಬಂತು ಎಂದು ಅಡಿವೆಪ್ಪನಿಗೆ ಅರ್ಥವಾಗಲಿಲ್ಲ. ಒಂಬತ್ತು ತಿಂಗಳಿಂದ ಇದೇ ಆಟ. ಹೊಗೆ ಒಂದಿಷ್ಟು ಕಡಿಮೆಯಾಗಿದ್ದು ಹೌದು. ಹೋಗಿರಲಿಲ್ಲ.

"ಅಜ್ಜಾರ, ಬಾಟ್ಲಿ ಮ್ಯಾಲ ಒಂದು ಟಾಕಿಗೆ ಒಂದು ಬಾಟ್ಲಿ ಅಂತ ಬರದಾರ. ನೀವು ಒಂದು ಮುಚ್ಚಳ ಹಾಕ್ತೀರಿ. ಹಿಂಗಾದ್ರ ಇನ್ನೂ ಎರಡು ವರ್ಷ ಬೇಕ್ರಿ."

"ಬೇಕು."

"ಅವ್ರೇನು ಸುಳ್ಳ ಬರದಾರೇನ್ರಿ?"

"ಸುಳ್ಳಲ್ಲ. ಆದ್ರ ಅವ್ರು ನಮ್ಮ ಟಾಕಿ ನೋಡಿಲ್ಲ."

"ಲಗೂನ ಸ್ವಚ್ಛ ಆದ್ರ ಕೆಟ್ಟೇನ್ರಿ?"

ಅಜ್ಜನವರು ಎದ್ದು ಒಳಗೆ ಹೋದರು. ಒಳಗೆ ನೀರಿನ ಹರವಿ ಇತ್ತು. ಆಷಾಢದ ಹೊಳೆಯ ನೀರು ಕೆಂಪಗೆ ಬರುತ್ತದೆ. ತಂದು ಎರಡು ದಿನ ಇಟ್ಟರೆ ಮಣ್ಣು ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಒಂದು ತಂಬಿಗೆ ತುಂಬಿ ಶಿಷ್ಯನಿಗೆ ಕೊಟ್ಟರು.

"ಕುಡಿ."

ಅಡಿವೆಪ್ಪ ಕುಡಿದ.

ಅಜ್ಜನವರು ತೋಳು ಏರಿಸಿ, ಮೊಣಕೈ ಮುಳುಗುವ ತನಕ ಹರವಿಯೊಳಗೆ ಕೈ ಇಳಿಸಿ, ತಳವನ್ನು ಕಲಕಿದರು. ಮತ್ತೆ ತಂಬಿಗೆ ತುಂಬಿದರು.

"ಈಗ ಕುಡಿ."

"ಕೆಸರ ಆತಲ್ರೀ ಅಜ್ಜಾರ."

"ನಾ ಕೆಸರು ಹಾಕಿಲ್ಲ."

"ನೀವು ಹಾಕಿಲ್ರಿ. ಒಳಗ ಇತ್ತಲ್ಲ."

"ಒಳಗ ಇದ್ದಾಗ ನೀ ಕುಡದಿ."

"ಹಂಗಾದ್ರ ಅದು ತಳದಾಗ ಇರ್ಲಿ ಬಿಡು ಅಂತೀರೇನ್ರಿ?"

"ಅನ್ನಾಂಗಿಲ್ಲ. ಬಿಡಸೂದು ಬಾಟ್ಲಿ ಕೆಲಸ. ಬಿಟ್ಟದ್ದನ್ನ ಹಿಡಿಯೂದು ಯಾರ ಕೆಲಸ?"

ಇದು ತಾಳ್ಮೆಯ ಪಾಠ ಎಂದುಕೊಂಡ ಅಡಿವೆಪ್ಪ. ತಾಳ್ಮೆಯ ಪಾಠ ಅವನಿಗೆ ಸಾಕಾಗಿಹೋಗಿತ್ತು. ಹರವಿ ಎತ್ತಿ ಹೊರಗೆ ಚೆಲ್ಲಿ, ಹೊಸ ನೀರು ತರಲು ಹೊಳೆಗೆ ಇಳಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಇದ್ದದ್ದು ಮುತ್ಯಾನ ಕೆಮ್ಮು.

ಕೆಲವು ದಿನ ಕಳೆದವು. ಅಜ್ಜನವರ ಕಣ್ಣಿನ ಪೊರೆ ತೆಗೆಸಲು ಪೇಟೆಯ ಭಕ್ತರೊಬ್ಬರು ಕರೆದುಕೊಂಡು ಹೋಗಲು ಬಂದರು. ಹದಿನೈದು ದಿನ ಅಲ್ಲೇ ಇರಬೇಕಿತ್ತು.

ಹೊರಡುವಾಗ ಅಜ್ಜನವರು ಲಾರಿಯ ಹತ್ತಿರ ನಿಂತರು. ಟಾಕಿಯ ಮೇಲೆ ಕೈ ಇಟ್ಟರು.

"ಹುಣ್ಣಿವಿಗೆ ಎಷ್ಟು?"

"ಒಂದು ಮುಚ್ಚಳ್ರಿ."

"ಆಮ್ಯಾಲ?"

"ಅರಿವಿರೀ."

"ಅರಿವಿ ಮರೀಬ್ಯಾಡ. ಹೊಸಾ ಫಿಲ್ಟರು ಎರಡು ಸೀಟಿನ ಕೆಳಗ ಅದಾವ."

ಅವರು ಹೋದರು. ಗೋಡೆಯ ಗೂಡಿನಲ್ಲಿ ಔಷಧದ ಎರಡು ತುಂಬಿದ ಬಾಟಲಿ ಉಳಿದವು.

ಅಡಿವೆಪ್ಪ ಸೋಮಾರಿಯಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಅವನಿಗೆ ಇದ್ದದ್ದು ಅವಸರ, ಅದೂ ಪ್ರೀತಿಯ ಅವಸರ. ಶ್ರಾವಣಕ್ಕೆ ಬಹಳ ದಿನ ಉಳಿದಿರಲಿಲ್ಲ. ಮಾತು ಕೊಟ್ಟಿದ್ದ. ಅಜ್ಜನವರು ಹೋದ ಮರುದಿನವೇ ಎರಡೂ ಬಾಟಲಿಗಳನ್ನು ಟಾಕಿಗೆ ಸುರಿದ. ಖಾಲಿ ಬಾಟಲಿಗಳನ್ನು ಮತ್ತೆ ಗೂಡಿನಲ್ಲೇ ಇಟ್ಟ.

ಮೂರನೆಯ ದಿನ ಹೊಗೆ ಅರ್ಧಕ್ಕೆ ಇಳಿಯಿತು. ಆರನೆಯ ದಿನ ಪೂರಾ ಹೋಯಿತು.

ಎಂಜಿನ್ನಿನ ಸದ್ದು ಬದಲಾಗಿತ್ತು. ಏರಿನಲ್ಲಿ ಏದುಸಿರು ಬಿಡುತ್ತಿದ್ದ ಲಾರಿ ಕಟ್ಟಿಗೆ ತುಂಬಿಕೊಂಡು ಸರಾಗವಾಗಿ ಹತ್ತಿತು. ಅಡಿವೆಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಜ್ಜನವರು ಬಂದು ಈ ಸದ್ದು ಕೇಳಲಿ ಎಂದು ದಿನ ಎಣಿಸಿದ.

ಕಾಶವ್ವ ಬಂದಾಗ ಅವಳನ್ನು ಲಾರಿಯ ಹಿಂದೆ ನಿಲ್ಲಿಸಿ ಚಾಲೂ ಮಾಡಿ ತೋರಿಸಿದ.

ಮುದುಕಿ ಸುಮ್ಮನೆ ನಂಬುವವಳಲ್ಲ. ಸೆರಗಿನ ತುದಿಯನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದಳು. ತೆಗೆದು, ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿದಳು.

"ಯವ್ವಾ! ಖರೇನ ಇಲ್ಲಲ್ಲೋ."

"ಹೇಳಿದ್ನಲ್ಲ ಆಯಿ?"

"ಮುತ್ಯಾಗ ಹೇಳ್ತೀನಿ ತಡಿ. ಈ ಸಲ ನೀರು ಬಂದ್ರ ಮದುವಿ ಗಂಡಿನಂಗ ಕುಂತು ಬಾ ಅಂತೀನಿ."

ಇಬ್ಬರೂ ನಕ್ಕರು.

ವಾರ ಕಳೆಯಿತು. ಲಾರಿಯನ್ನು ಒಂದು ದಿನ ನಿಲ್ಲಿಸಬೇಕಿತ್ತು, ಬೋಲ್ಟು ಬಿಚ್ಚಬೇಕಿತ್ತು, ಅರಿವೆ ಹಿಡಿಯಬೇಕಿತ್ತು. ಎಂಜಿನ್ನೇ ಬಾಯಿ ಬಿಟ್ಟು ಹೇಳುವಾಗ ಅರಿವೆಯಲ್ಲಿ ಇನ್ನೇನು ನೋಡುವುದು ಎಂದುಕೊಂಡ ಅಡಿವೆಪ್ಪ. ಬದಲಿಗೆ ಡ್ರಮ್ಮಿನಿಂದ ಡೀಸೆಲ್ ಸುರಿದು ಟಾಕಿಯನ್ನು ಬಾಯಿ ತನಕ ತುಂಬಿಸಿದ. ಹೊಳೆ ಯಾವಾಗ ಬಂದರೂ ತಾನು ಸಿದ್ಧ ಎಂದುಕೊಂಡ. ಅರಿವೆ ಗೂಟದ ಮೇಲೆ ಒಣಗಿಕೊಂಡೇ ಉಳಿಯಿತು.

ಹೊಳೆ ಬಂದದ್ದು ಒಂದು ಮಧ್ಯಾಹ್ನ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಮಳೆಯಾದದ್ದು ಎಲ್ಲೋ ದೂರದ ಘಟ್ಟದಲ್ಲಿ, ಗೇಟು ಎತ್ತಿದ್ದು ಮೇಲೆಲ್ಲೋ. ಇಲ್ಲಿ ಒಣ ಬಿಸಿಲಿನಲ್ಲಿ ನೀರು ಸದ್ದಿಲ್ಲದೆ ಏರಿತು.

ದಂಡೆಯ ಊರವರು ಓಡಿ ಬಂದರು. ಅಡಿವೆಪ್ಪ ಲಾರಿ ಹತ್ತಿದ.

ಮೊದಲ ಸರ್ತಿ ಮೂವತ್ನಾಲ್ಕು ಮಂದಿಯನ್ನು ತಂದ. ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರಿತ್ತು.

"ಎಲ್ಲಿ ಹೋತೋ ನಿನ್ನ ಹೊಗಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ಅಡಿವೆಪ್ಪ ನಕ್ಕ.

ಹೊರಸು ಆರು ಜನರ ಜಾಗ ತಿನ್ನುತ್ತದೆ. "ಮಕ್ಕಳು ಮರಿ ಮೊದಲು ಹೋಗ್ಲಿ. ನಾವು ಕಡೀಕೆ ಬರ್ತೀವಿ" ಎಂದಿದ್ದಳು ಕಾಶವ್ವ. ಮಗಳು ಬಾಳವ್ವನನ್ನು ಎರಡನೆಯ ಸರ್ತಿಗೆ ಗಂಟುಮೂಟೆಯ ಜೊತೆ ಕಳಿಸಿದಳು. ಬಾಳವ್ವನಿಗೆ ಹೋಗಲು ಮನಸ್ಸಿರಲಿಲ್ಲ.

"ಹೋಗ. ಅಡಿವೆಪ್ಪ ಅದಾನಲ್ಲ, ತರ್ತಾನ ನಮ್ಮನ್ನ."

ಎರಡನೆಯ ಸರ್ತಿ ಇಪ್ಪತ್ತೆಂಟು ಮಂದಿ. ನೀರು ಮೊಣಕಾಲಿಗೆ ಬಂದಿತ್ತು. ದಂಡೆ ಇನ್ನೇನು ಮುಟ್ಟಬೇಕು, ಲಾರಿ ಎರಡು ಸಲ ಜಗ್ಗಿತು. ಎಂಜಿನ್ ಉಸಿರು ಕಟ್ಟಿದಂತೆ ಮಾಡಿ, ಮತ್ತೆ ಹಿಡಿದುಕೊಂಡಿತು.

ಜನ ಇಳಿಯುವಷ್ಟರಲ್ಲಿ ಅಡಿವೆಪ್ಪ ಬಾನೆಟ್ ಎತ್ತಿ, ಪಾನಾ ಹಾಕಿ, ಫಿಲ್ಟರು ಬಿಚ್ಚಿದ.

ಒಳಗೆ ಡೀಸೆಲ್ ಇರಲಿಲ್ಲ. ಕೀಲೆಣ್ಣೆಯಂಥ ಕಪ್ಪು ಗಸಿ ತುಂಬಿತ್ತು. ತುಕ್ಕಿನ ಹರಳುಗಳೂ ಇದ್ದವು.

ಆಗ ಅವನಿಗೆ ತಿಳಿಯಿತು. ಹರವಿಯೊಳಗೆ ಇಳಿದ ಅಜ್ಜನವರ ತೋಳು ಕಣ್ಣ ಮುಂದೆ ಬಂತು. ಮೂವತ್ತೊಂದು ವರ್ಷ ತಳದಲ್ಲಿ ಕೂತದ್ದನ್ನು ಅವನು ಒಂದೇ ವಾರದಲ್ಲಿ ಬಿಡಿಸಿದ್ದ, ಹಿಡಿದಿರಲಿಲ್ಲ. ಸೇತುವೆಯ ಕುಲುಕಾಟಕ್ಕೆ ಅದೆಲ್ಲ ಎದ್ದು ಬರುತ್ತಿತ್ತು.

ಟಾಕಿ ಖಾಲಿ ಮಾಡಿ ಸೋಸಲು ಒಂದು ತಾಸು ಬೇಕು. ಅವನು ಹೊಳೆಯ ಕಡೆ ನೋಡಿದ. ಸೇತುವೆಯ ಅಂಚಿನ ಕಂಬಿಗಲ್ಲುಗಳು ಅರ್ಧ ಮುಳುಗಿದ್ದವು. ಗಡ್ಡಿಯಲ್ಲಿ ಇನ್ನೂ ಹದಿನೆಂಟು ಜನ.

"ಏನಾತೋ?" ಎಂದರು ಊರಿನ ಹಿರಿಯರು.

"ಏನಿಲ್ರಿ," ಎಂದ ಅಡಿವೆಪ್ಪ. ಸೀಟಿನ ಕೆಳಗಿನ ಒಂದು ಫಿಲ್ಟರು ಹಾಕಿದ. ಇನ್ನೊಂದು ಉಳಿಯಿತು. ಲಾರಿ ತಿರುಗಿಸಿದ.

ಮೂರನೆಯ ಸರ್ತಿ ನೀರು ಚಕ್ರದ ಅರ್ಧಕ್ಕೆ ಬಂದಿತ್ತು. ಹದಿನಾರು ಜನ ಹತ್ತಿದರು. ನಾಲ್ವರು ಹೊರಸನ್ನು ಎತ್ತಿ ಇಟ್ಟರು. ಕಾಶವ್ವ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಸೇತುವೆಯ ನಟ್ಟನಡುವೆ ಎಂಜಿನ್ ನಿಂತಿತು.

ಅಡಿವೆಪ್ಪ ನೀರಿಗೆ ಇಳಿದ. ತೊಡೆ ಮಟ್ಟದ ನೀರು, ಸೆಳೆತ ಬೇರೆ. ಕೊನೆಯ ಫಿಲ್ಟರು ಹಾಕಿದ. ಕೈಪಂಪು ಒತ್ತಿ ಒತ್ತಿ ಡೀಸೆಲ್ ಪೈಪಿನ ಗಾಳಿ ತೆಗೆದ. ಹತ್ತಿ ಚಾಲೂ ಮಾಡಿದ. ಲಾರಿ ಹಿಡಿಯಿತು. ಜನ ಹೋ ಎಂದರು. ಇಪ್ಪತ್ತು ಮಾರು ಹೋಯಿತು.

ಮತ್ತೆ ನಿಂತಿತು.

ದಂಡೆಯವರು ಹಗ್ಗ ತಂದರು. ಈಜು ಬಲ್ಲ ಒಬ್ಬ ಅದರ ತುದಿಯನ್ನು ಲಾರಿಗೆ ಕಟ್ಟಿದ. ಇನ್ನೊಂದು ತುದಿ ದಂಡೆಯ ಬೇವಿನ ಮರಕ್ಕೆ. ಒಬ್ಬರ ಹಿಂದೊಬ್ಬರು ಹಗ್ಗ ಹಿಡಿದು ಇಳಿದರು. ಹದಿನಾರು ಜನ ದಂಡೆ ಮುಟ್ಟಿದರು. ಹೊರಸು ತರಲು ಇಬ್ಬರು ತಿರುಗಿ ಬಂದರು. ನೀರು ಎದೆಗೆ ಬಂದಿತ್ತು, ಅರ್ಧ ದಾರಿಗೆ ಕಾಲು ಕಿತ್ತುಹೋಗಿ ಹಗ್ಗಕ್ಕೆ ಜೋತುಬಿದ್ದು ಹಿಂದಕ್ಕೆ ಹೋದರು.

ಅಡಿವೆಪ್ಪನ ನಡುವಿಗೂ ಒಂದು ಹಗ್ಗ ಕಟ್ಟಿದ್ದರು. ಅವನು ಮುಂದಿನ ಬಂಪರಿನ ಮೇಲೆ ನಿಂತು, ಬಿಚ್ಚಿದ ಫಿಲ್ಟರನ್ನು ಧೋತರದ ಚುಂಗಿನಿಂದ ತಿಕ್ಕುತ್ತಿದ್ದ. ಗಸಿ ಕೈಗೆ ಮೆತ್ತುತ್ತಿತ್ತು, ಫಿಲ್ಟರನ್ನು ಬಿಡುತ್ತಿರಲಿಲ್ಲ.

"ಆಯಿ! ಮುತ್ಯಾನ್ನ ನನ್ನ ಬೆನ್ನಿಗೆ ಕಟ್ಟು. ನೀ ಹಗ್ಗ ಹಿಡಿ!"

"ಅಷ್ಟು ಭಾರ ನಿನಗ ಆಗಾಂಗಿಲ್ಲೋ ಮಗನ. ನೀ ಲಾರಿ ಚಾಲೂ ಮಾಡು. ಮಾಡ್ತಿ ನೀ."

ಅವಳು ನಂಬಿದ್ದಳು. ಆ ನಂಬಿಕೆಗೆ ಅವನು ಮತ್ತೆ ಫಿಲ್ಟರಿನ ಕಡೆಗೆ ತಿರುಗಿದ, ಅಳುತ್ತಾ ತಿಕ್ಕಿದ.

ಹಿಂದಿನಿಂದ ಅವಳ ದನಿ ಕೇಳಿತು. ಗಾಬರಿಯ ದನಿಯಲ್ಲ ಅದು. ಅಂಗಳದಲ್ಲಿ ಮಜ್ಜಿಗೆ ಇಳಿಸುವಾಗಿನ ದನಿ.

"ಅಡಿವೆಪ್ಪಾ, ಈ ಸಲ ನಿಮ್ಮ ಮುತ್ಯಾ ಒಮ್ಮೆನೂ ಕೆಮ್ಮಿಲ್ಲ ನೋಡು."

ಲಾರಿ ವಾಲಿತು.

ದಂಡೆಯವರು ಹಗ್ಗ ಎಳೆದು ಅಡಿವೆಪ್ಪನನ್ನು ಮೇಲೆ ತಂದಾಗ ಅವನ ಮುಷ್ಟಿಯಲ್ಲಿ ಫಿಲ್ಟರು ಇತ್ತು. ಬೆರಳು ಬಿಡಿಸಿ ತೆಗೆಯಬೇಕಾಯಿತು. ಬಾಳವ್ವ ಅಲ್ಲೇ ದಂಡೆಯ ಮೇಲೆ ನಿಂತಿದ್ದಳು. ಎಲ್ಲವನ್ನೂ ಕಂಡಿದ್ದಳು.

ಎರಡು ದಿನದ ಮೇಲೆ ಹೊಳೆಯ ಕೆಳಗಿನ ಜಾಲಿಗಿಡಗಳಲ್ಲಿ ಕಾಶವ್ವ, ಮುತ್ಯಾ ಇಬ್ಬರೂ ಸಿಕ್ಕರು. ಮಠದ ಹಿಂದೆ ಒಂದೇ ಕಡೆ ಮಣ್ಣು ಮಾಡಿದರು. ಗುಂಡಿ ತೋಡಿದವನು ಅಡಿವೆಪ್ಪ.

ಐದನೆಯ ದಿನ ಊರವರು ಮಠಕ್ಕೆ ಬಂದರು. ಹೂವಿನ ಹಾರ ತಂದಿದ್ದರು.

"ಎಪ್ಪತ್ತೆಂಟು ಮಂದೀನ್ನ ಉಳಿಸಿದಿ ತಮ್ಮಾ," ಎಂದರು ಹಿರಿಯರು. "ಹಳೀ ಲಾರಿ. ಅದರ ಆಯುಷ್ಯ ತೀರಿತ್ತು. ನೀ ಏನು ಮಾಡ್ತಿ?"

ಅಡಿವೆಪ್ಪ ಹಾರಕ್ಕೆ ಕೊರಳು ಕೊಟ್ಟ. ಅವರು ಹೋದ ಮೇಲೆ ಅದನ್ನು ತೆಗೆದು ಬಾವಿಯ ಕಟ್ಟೆಯ ಮೇಲಿಟ್ಟ. ಅವತ್ತಿನಿಂದ ಅವನಿಗೆ ಅನ್ನ ಇಳಿಯಲಿಲ್ಲ, ಕಣ್ಣು ಮುಚ್ಚಿದರೆ ನಿದ್ದೆ ಹತ್ತಲಿಲ್ಲ.

ಅಜ್ಜನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಸುದ್ದಿ ದಾರಿಯಲ್ಲೇ ಸಿಕ್ಕಿತ್ತು. ಮೊದಲು ಮಠದ ಹಿಂದೆ ಹೋಗಿ ಹಸಿ ಮಣ್ಣಿನ ಹತ್ತಿರ ಬಹಳ ಹೊತ್ತು ಕೂತರು. ಆಮೇಲೆ ಒಳಗೆ ಬಂದರು. ಗೂಡಿನಲ್ಲಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ತೂಕ ನೋಡಿ, ಇದ್ದಲ್ಲೇ ಇಟ್ಟರು.

ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅಡಿವೆಪ್ಪನಿಗೆ ಅನ್ನಿಸಿತು.

ನೀರು ಇಳಿಯಿತು. ನಾಲ್ಕು ಟ್ರ್ಯಾಕ್ಟರುಗಳು ಲಾರಿಯನ್ನು ಕೆಸರಿನಿಂದ ಎಳೆದು ತಂದು ಮಠದ ಅಂಗಳಕ್ಕೆ ಬಿಟ್ಟು ಹೋದವು.

ಅಜ್ಜನವರು ಪಾನಾ ತೆಗೆದುಕೊಂಡು ಟಾಕಿಯ ಕೆಳಗೆ ಕೂತರು.

"ಅರಿವಿ ತಾ."

ಅಡಿವೆಪ್ಪ ಗೂಟದಿಂದ ಅರಿವೆ ತಂದ.

"ಹಿಡಿ."

ಹಿಡಿದ. ಅಜ್ಜನವರು ಬೋಲ್ಟು ಬಿಚ್ಚಿದರು. ಮೊದಲು ಏನೂ ಬರಲಿಲ್ಲ. ಕಡ್ಡಿ ಹಾಕಿ ಚುಚ್ಚಿದರು. ಆಮೇಲೆ ಬಂತು, ಮುದ್ದೆ ಮುದ್ದೆಯಾಗಿ. ಅರಿವೆ ಜೋತು ಬಕೆಟ್ಟಿನೊಳಗೆ ಇಳಿಯಿತು. ಅಡಿವೆಪ್ಪ ಬಿಡಲಿಲ್ಲ.

ಅಜ್ಜನವರಿಗೆ ಈಗ ಕಣ್ಣು ಕಾಣುತ್ತಿತ್ತು. ಆದರೂ ಮೊದಲಿನಂತೆ ಬೆರಳಿನಿಂದಲೇ ಮುಟ್ಟಿದರು.

"ಎಷ್ಟು ಹಾಕಿದಿ?"

"ಎರಡೂರೀ."

"ಅರಿವಿ?"

"ಹಿಡೀಲಿಲ್ರಿ."

ಅಜ್ಜನವರು ನೆಲದ ಮೇಲೆ ಕೂತುಬಿಟ್ಟರು. ಮೂವತ್ತು ವರ್ಷ ಕಾಶವ್ವನ ಮಜ್ಜಿಗೆ ಕುಡಿದಿದ್ದವರು. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿದು ಗಡ್ಡಕ್ಕೆ ಬಂತು. ಸನ್ಯಾಸಿ ಅಳಬಾರದು ಎಂದು ಯಾರಾದರೂ ಹೇಳಿದ್ದರೆ ಅವತ್ತು ಅವರಿಗೆ ಅದು ಕೇಳಿಸುತ್ತಿರಲಿಲ್ಲ.

"ಬೈರಿ ಅಜ್ಜಾರ. ಹೊಡೀರಿ ಬೇಕಾದ್ರ."

"ಹೊಡದ್ರ ಏನಾಕ್ಕೈತಿ?"

"ಹಗುರ ಆಕ್ಕೈತ್ರಿ."

"ಯಾರಿಗೆ?"

ಅಜ್ಜನವರು ಕನ್ನಡಕ ತೆಗೆದು ಕೆನ್ನೆ ಒರೆಸಿಕೊಂಡರು.

"ಯಾರಿಗೆ ಹೇಳೀದಿ ಇದನ್ನ?"

"ಯಾರಿಗೂ ಇಲ್ರಿ. ಹಾರ ಹಾಕಿ ಹ್ವಾದ್ರು."

"ಬಾಳವ್ವಗ?"

ಅಡಿವೆಪ್ಪ ಬಕೆಟ್ ಎತ್ತಿಕೊಂಡು ಎದ್ದ.

ಗಡ್ಡಿಯವರನ್ನು ಊರಿನ ಶಾಲೆಯಲ್ಲಿ ಇರಿಸಿದ್ದರು. ಮರುದಿನ ಬೆಳಿಗ್ಗೆ ಅಡಿವೆಪ್ಪ ಅಲ್ಲಿಗೆ ಹೋದ. ಬಾಳವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಅವನನ್ನು ಕಂಡು ಚಾಪೆ ಸರಿಸಿದಳು.

"ಬಾ ತಮ್ಮಾ, ಕುಂಡ್ರು. ಎಷ್ಟು ಸೊರಗೀದಿ. ಊಟಾ ಮಾಡೀಯೋ ಇಲ್ಲೋ?"

"ಕುಂಡ್ರಾಂಗಿಲ್ಲ ಅಕ್ಕಾ. ಒಂದು ಮಾತು ಹೇಳಬೇಕು."

"ಹೇಳು. ನಾನ ಅವ್ವನ್ನ ಬಿಟ್ಟು ಬರಬಾರದಿತ್ತು. ಅದನ್ನ ನೆನೆಸಿ ನೆನೆಸಿ ಸಾಯ್ತೀನಿ. ನೀ ಮಾಡೂದೆಲ್ಲಾ ಮಾಡಿದಿ."

ಅವನು ಹೊಸ್ತಿಲ ಬಳಿ ನಿಂತೇ ಹೇಳಿದ. ಒಂದೇ ಉಸಿರಿಗೆ. ಬಾಟಲಿ, ಟಾಕಿ, ಅಜ್ಜನವರು ಹೇಳಿದ್ದು, ತಾನು ಮಾಡದೆ ಬಿಟ್ಟದ್ದು, ದಂಡೆಯ ಮೇಲೆ ಫಿಲ್ಟರು ಬಿಚ್ಚಿದಾಗ ಕಂಡದ್ದು, ಕಂಡೂ ಏನಿಲ್ಲ ಎಂದದ್ದು. ಎಲ್ಲ ಹೇಳಿದ.

ಬಾಳವ್ವನ ಕೈಯಲ್ಲಿ ಮೊರ ನಿಂತಿತು.

ಅಡಿವೆಪ್ಪ ಬಾಗಿ ಅವಳ ಪಾದಕ್ಕೆ ಹಣೆ ಹಚ್ಚಿದ. ಎದ್ದ. ತಿರುಗಿ ನೋಡದೆ ಮೆಟ್ಟಿಲು ಇಳಿದ.

ಊರು ದಾಟುವಷ್ಟರಲ್ಲಿ ಅವನಿಗೆ ಉಸಿರು ಸಲೀಸಾಗಿ ಬಂತು. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತದ್ದು ಎದ್ದು ಹೋದಂತಾಯಿತು. ದಾರಿಯ ಬೇವಿನ ಕೆಳಗೆ ಕೂತು ಮನಸಾರೆ ಅತ್ತ. ಮಠಕ್ಕೆ ಬಂದಾಗ ಹೊಟ್ಟೆ ಹಸಿದಿತ್ತು. ಎರಡು ರೊಟ್ಟಿ ತಿಂದ. ಮಲಗಿದವನು ಮರುದಿನ ಬೆಳಕು ಹರಿದ ಮೇಲೆಯೇ ಎದ್ದದ್ದು.

ಅಜ್ಜನವರು ಹೊಳೆಯ ಮೆಟ್ಟಿಲ ಮೇಲೆ ಕೂತು ಆ ಅರಿವೆಯನ್ನು ಒಗೆಯುತ್ತಿದ್ದರು. ಶಿಷ್ಯನ ಕೆಲಸವನ್ನು ಅವರು ತಾವೇ ಮಾಡುತ್ತಿದ್ದದ್ದನ್ನು ಕಂಡು ಅಡಿವೆಪ್ಪನಿಗೆ ಕಸಿವಿಸಿಯಾಯಿತು.

"ಕೊಡ್ರಿ ಅಜ್ಜಾರ, ನಾ ಒಗೀತೀನಿ."

"ಇರ್ಲಿ."

"ನಿನ್ನೆ ಬಾಳವ್ವಗ ಎಲ್ಲಾ ಹೇಳಿ ಬಂದೆರೀ."

"ಹ್ಞೂಂ."

"ಮನಸು ಹಗುರ ಆತ್ರಿ. ನಿದ್ದಿ ಬಂತು."

"ಆಕೀಗೆ?"

"ಏನ್ರಿ?"

"ಆಕೀಗೆ ಬಂತೋ ನಿದ್ದಿ?"

ಅಡಿವೆಪ್ಪ ಹೊಳೆಯ ಕಡೆ ನೋಡಿದ. ನೀರು ಇನ್ನೂ ಕೆಂಪಗೇ ಹರಿಯುತ್ತಿತ್ತು.

"ಗೊತ್ತಿಲ್ರಿ."

"ಏನಂದ್ಲು ಆಕಿ?"

"ಏನೂ ಅನ್ನಲಿಲ್ರಿ. ನಾ ನಿಂದರ್ಲಿಲ್ಲ. ಹೇಳಿದೆ, ಕಾಲು ಮುಟ್ಟಿದೆ, ಬಂದ್ಬಿಟ್ಟೆ."

ಅಜ್ಜನವರು ಅರಿವೆಯನ್ನು ಹಿಂಡಿದರು. ಕಪ್ಪು ನೀರು ಇಳಿಯಿತು. ಮತ್ತೊಮ್ಮೆ ಹಿಂಡಿದರು. ಒದ್ದೆ ಅರಿವೆಯನ್ನು ಶಿಷ್ಯನ ಎರಡೂ ಕೈಗಳ ಮೇಲೆ ಹರಡಿ ಇಟ್ಟರು.

"ನೀ ಬಿಡಿಸಿ ಬಂದಿ. ಅಲ್ಲಿ ಅರಿವಿ ಯಾರು ಹಿಡದಾರ?"